ಹಳ್ಳ ದಾಟಿದ ಬಾಣಂತಿ

ಇದು ನಡೆದದ್ದು ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ವಾರದಲ್ಲಿ. ಬೀದಿಯವರಿಗೆಲ್ಲ ಬೀರಿ ಉಳಿದ ಎಳ್ಳು-ಬೆಲ್ಲ ಡಬ್ಬಿಯ ತಳದಲ್ಲಿ ಇನ್ನೂ ಇತ್ತು. ಅದನ್ನೂ ಕಟ್ಟಿಕೊಂಡು ನಾನು ಮತ್ತು ನಮ್ಮ ಅತ್ತೆ, ನಮ್ಮಲ್ಲಿ ಬಾಡಿಗೆಗಿದ್ದ ಹುಡುಗಿಯ ಜೊತೆ, ಬೆಟ್ಟದ ಕಾಡಿಗೆ ಇಲಿ ಹಿಡಿಯಲು ಹೋಗಿದ್ದೆವು. ಈ ಮಾತು ಹೇಳಿದರೆ ಈಗಲೂ ಯಾರೂ ನಂಬುವುದಿಲ್ಲ. ನಮ್ಮ ಯಜಮಾನರಂತೂ, "ಬೆಟ್ಟ ಅಗೆದು ಇಲಿ ಹಿಡಿದ್ರು ಅಂತ ಗಾದೆ ಕೇಳಿದ್ದೆ, ಅದನ್ನ ನಿಜ ಮಾಡಿದೋರು ನಮ್ಮನೇವ್ರೇ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ.

ನಮ್ಮದು ಸಿಂಗಸಂದ್ರ. ಮಾವನವರ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮ ನಾಲ್ಕಂತಸ್ತಿನ ಮನೆ ನಿಂತಿದೆ. ಕೆಳಗೆ ನಾವು, ಮೇಲೆಲ್ಲ ಬಾಡಿಗೆಯವರು. ಬೆಳಿಗ್ಗೆ ಕಂಪನಿ ಕ್ಯಾಬ್ ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋದರೆ ಕತ್ತಲಾದ ಮೇಲೆ ಮನೆ ಸೇರುವ ಜನ. ಮನೆ ನೋಡಲು ಯಾರೇ ಬರಲಿ, ಗೇಟಿನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತಿರುವ ನಮ್ಮ ಅತ್ತೆ ಮುನಿತಾಯಮ್ಮನವರ ಪ್ರಶ್ನೆಗಳನ್ನು ದಾಟಿಯೇ ಮೆಟ್ಟಿಲು ಹತ್ತಬೇಕು. ಯಾವ ಊರು, ಏನು ಕೆಲಸ, ಮಾಂಸ ಮಾಡ್ತೀರಾ, ಮಾಡಿದರೆ ವಾಸನೆ ಕೆಳಗೆ ಬಂದಾಗ ಒಂದು ಬಟ್ಟಲು ಕೊಡ್ತೀರಾ, ಇಂಥವೇ ಪ್ರಶ್ನೆಗಳು.

ಚೈತ್ರ ಬಂದ ದಿನವೂ ಹಾಗೇ ಆಯಿತು. ತುಮಕೂರಿನ ಕಡೆಯ ಹುಡುಗಿ, ಬೆನ್ನಿಗೆ ದೊಡ್ಡ ಬ್ಯಾಗು, ಕಾಲಿಗೆ ಮಣ್ಣು ಮೆತ್ತಿದ ಬೂಟು.

"ಏನ್ ಕೆಲ್ಸ ಮಗಾ?" ಅತ್ತೆ ಕೇಳಿದರು.

"ಇಲಿ ಹಿಡಿಯೋ ಕೆಲಸ ಅಜ್ಜಿ."

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕ್ ಮಗಾ, ಓದ್ನಿಲ್ವಾ?" ಎಂದರು.

ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ವಿವರಿಸಿದಳು. ಅವಳು ಓದಿದ್ದು ಬೇಕಾದಷ್ಟು. ಬೆಟ್ಟದ ಕಾಡುಗಳಲ್ಲಿರುವ ಸಣ್ಣ ಇಲಿಗಳು ಎಲ್ಲಿರುತ್ತವೆ, ಏನು ತಿನ್ನುತ್ತವೆ, ಕಾಡು ಕಡಿಮೆಯಾದರೆ ಅವು ಏನಾಗುತ್ತವೆ ಎಂದು ನೋಡುವುದು ಅವಳ ಸಂಶೋಧನೆ. ತಿಂಗಳಲ್ಲಿ ಒಂದು ವಾರ ಕಾಡಿನಲ್ಲಿ, ಮಿಕ್ಕ ದಿನ ಇಲ್ಲಿ ಕಂಪ್ಯೂಟರ್ ಮುಂದೆ. ಅತ್ತೆಗೆ ಅರ್ಥವಾದದ್ದು ಎಷ್ಟೋ, ಆದರೆ ನಕ್ಕ ಹುಡುಗಿ ಇಷ್ಟವಾದಳು. ಮೇಲಿನ ಕೋಣೆ ಅವಳದಾಯಿತು.

ಕಾಡಿನಿಂದ ಬಂದಾಗಲೆಲ್ಲ ಚೈತ್ರ ತನ್ನ ಬೋನುಗಳನ್ನು ತೊಳೆದು ತಾರಸಿಯಲ್ಲಿ ಒಣಗಲು ಇಡುತ್ತಿದ್ದಳು. ಮಡಚಿದರೆ ಪುಸ್ತಕದಂತೆ ಚಪ್ಪಟೆಯಾಗುವ, ಬಿಚ್ಚಿದರೆ ಉದ್ದನೆಯ ಡಬ್ಬಿಯಾಗುವ ಅಲ್ಯೂಮಿನಿಯಂ ಬೋನುಗಳು. ಸಂಡಿಗೆ ಒಣಹಾಕಲು ಹೋದ ಅತ್ತೆ ಒಂದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಮೊಳೆ ಇಲ್ಲ, ಸ್ಪ್ರಿಂಗ್ ಪಟ್ಟಿ ಇಲ್ಲ. ಇದ್ರಾಗೆ ಇಲಿ ಸಾಯೋದೆಂಗೆ?"

"ಸಾಯಬಾರ್ದು ಅಜ್ಜಿ. ತೂಕ ನೋಡಿ, ಒಂದು ಗುರುತು ಮಾಡಿ, ಬಿಟ್ಬಿಡ್ತೀವಿ."

"ಇಡ್ದು ಬುಡೋಕೆ ಸಂಬ್ಳ ಕೊಡ್ತಾರಾ? ಅಂಗಂದ್ರೆ ಗೌರ್ಮೆಂಟು ನಂಗೆ ನಲವತ್ತೊರ್ಷದ್ ಸಂಬ್ಳ ಕೊಡ್ಬೇಕು!"

ಅತ್ತೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಗಣಪತಿಯ ವಾಹನ ಎಂದು ನಮ್ಮ ಮನೆಯಲ್ಲಿ ಇಲಿ ಪಾಷಾಣ ಇಡುವುದಿಲ್ಲ, ಅಂಟಿನ ಹಲಗೆಯೂ ಇಲ್ಲ. ತಂತಿಯ ಬೋನಿಗೆ ಒಂದು ಚೂರು ಕೊಬ್ಬರಿ ಸಿಕ್ಕಿಸುವುದು, ಇಲಿ ಬಿದ್ದರೆ ಅದನ್ನು ಕೆರೆ ಏರಿ ದಾಟಿಸಿ ಆಚೆ ಬಿಟ್ಟು ಬರುವುದು. ಹೊಲ ಇದ್ದ ಕಾಲದಿಂದಲೂ ಹೀಗೇ. "ನೀರು ದಾಟಿಸ್ಬೇಕು. ಈಚೆ ಬುಟ್ರೆ ನಿಮ್ಗಿಂತ ಮುಂಚೆ ಮನೆ ಸೇರ್ಕತದೆ" ಎನ್ನುವುದು ಅತ್ತೆಯ ಕಾನೂನು. ನಮ್ಮ ಯಜಮಾನರು ಬೋನಿಗೆ ಕೈಚೀಲ ಮುಚ್ಚಿ, ಸ್ಕೂಟರಿನ ಮುಂದೆ ಇಟ್ಟುಕೊಂಡು, ಯಾರಾದರೂ ನೋಡಿಯಾರು ಎಂದು ನಾಚಿಕೊಂಡೇ ಹೋಗಿ ಬಿಟ್ಟು ಬರುತ್ತಾರೆ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಅತ್ತೆ ಇಡೀ ಬೀದಿಗೆ ಬಾಣಂತನದ ಅಧಿಕಾರಿ. ಯಾರ ಮನೆಯಲ್ಲಿ ಹೆರಿಗೆಯಾದರೂ ಎಣ್ಣೆ-ನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು ಎಲ್ಲ ಅವರ ಲೆಕ್ಕದಲ್ಲೇ ನಡೆಯಬೇಕು. ಮೇಲಿನ ಮನೆಯ ಒಡಿಶಾದ ಹುಡುಗಿಗೆ ಊರಿಂದ ತಾಯಿ ಬರಲಾಗದೆ ಇದ್ದಾಗ ಎರಡು ತಿಂಗಳು ನೋಡಿಕೊಂಡವರು ಅತ್ತೆಯೇ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಆದರೂ ಅವಳು ಹೊಸಿಲ ಮೇಲೆ ಕಾಲಿಟ್ಟರೆ ಅತ್ತೆ ಕೆಳಗಿನಿಂದಲೇ ಗದರುತ್ತಿದ್ದರು, ಅವಳು ಒಳಗೆ ಓಡುತ್ತಿದ್ದಳು.

ಆ ಸಂಕ್ರಾಂತಿಯ ಮಾರನೇ ದಿನ ಚೈತ್ರ ಸಪ್ಪೆ ಮುಖ ಮಾಡಿಕೊಂಡು ಕೆಳಗೆ ಬಂದಳು. ಅವಳ ಜೊತೆ ಕಾಡಿಗೆ ಬರುತ್ತಿದ್ದ ಸಹಾಯಕನ ಅಕ್ಕನಿಗೆ ನಿಶ್ಚಿತಾರ್ಥವಂತೆ, ಈ ಸಲ ಬರುವುದಿಲ್ಲ ಎಂದನಂತೆ. "ಇಲಿನ ಒಬ್ಳೇ ಹಿಡ್ಕೊಂಡು, ಒಬ್ಳೇ ತೂಕ ಹಾಕಿ, ಒಬ್ಳೇ ಬರ್ಕೊಳ್ಳಕ್ಕಾಗಲ್ಲ ಆಂಟಿ. ಮೂರೇ ದಿನ. ಯಾರಾದ್ರೂ ಇದ್ದಾರಾ?" ಎಂದಳು.

ಮಗಳು ಹಾಸ್ಟೆಲಿನಲ್ಲಿ, ಯಜಮಾನರಿಗೆ ಹೋಟೆಲ್ ಊಟ ಎಂದರೆ ಪ್ರಾಣ. ನನಗೆ ಏನನ್ನಿಸಿತೋ, "ನಾನೇ ಬರ್ತೀನಿ" ಎಂದುಬಿಟ್ಟೆ. ಯಾವ ಬೆಟ್ಟ ಎಂದು ಅತ್ತೆ ಕೇಳಿದರು. ಬಿಳಿಗಿರಿರಂಗನ ಬೆಟ್ಟದ ಕಡೆ ಎಂದಳು ಚೈತ್ರ. ಅಷ್ಟೇ ಸಾಕಾಯಿತು.

"ರಂಗಪ್ಪನ ಬೆಟ್ಟವಾ! ಅಂಗಾದ್ರೆ ನಾನೂ ಬತ್ತೀನಿ. ದರ್ಸನ ಮಾಡ್ಬೇಕು ಅಂತ ಅದೆಷ್ಟ್ ದಿನ್ದಿಂದ ಅಂದ್ಕಂಡಿದ್ದೆ."

ಮಂಡಿನೋವು, ಸಕ್ಕರೆ ಕಾಯಿಲೆ, ಚಳಿ ಎಂದು ನಾನು ಹೇಳಿದ ಒಂದೊಂದು ಕಾರಣಕ್ಕೂ ಅವರ ಬಳಿ ಉತ್ತರವಿತ್ತು. ಮಾತ್ರೆ ಡಬ್ಬಿ, ಕಂಬಳಿ, ಎಳ್ಳು-ಬೆಲ್ಲ, ಮುದ್ದೆ ಇಲ್ಲದೆ ಒಂದು ದಿನ ಕಳೆಯದ ಕಾರಣ ಒಂದು ಚೀಲ ರಾಗಿಹಿಟ್ಟು ಎಲ್ಲ ಕಟ್ಟಿಕೊಂಡು ನಮಗಿಂತ ಮೊದಲೇ ಕಾರಿನಲ್ಲಿ ಕೂತರು.

ನಾವು ಉಳಿದುಕೊಂಡದ್ದು ಬೆಟ್ಟದ ಮಗ್ಗುಲಿನ ಒಂದು ಹಳೆಯ ಕಾಫಿ ತೋಟದ ಮನೆಯಲ್ಲಿ. ತೋಟ ಮುಗಿಯುವಲ್ಲಿ ಕಾಡು ಶುರು, ನಡುವೆ ಒಂದು ಸಣ್ಣ ಹಳ್ಳ. ತೋಟದ ಕಾವಲಿನ ಬಸವಣ್ಣ ಎಂಬವರು ನಮ್ಮ ಜೊತೆಗೇ ಇರುತ್ತಿದ್ದರು, ಆನೆ ಓಡಾಡುವ ಜಾಗವಾದ್ದರಿಂದ ಅವರಿಲ್ಲದೆ ಅಂಗಳ ದಾಟುವಂತಿರಲಿಲ್ಲ. ಸಾಯಂಕಾಲ ಎಲ್ಲರೂ ಸೇರಿ ಹಳ್ಳದ ಈಚೆ ಬದಿಯ ಇಳಿಜಾರಿನಲ್ಲಿ ಡಬ್ಬಿಗಳನ್ನು ಇಟ್ಟೆವು. ಮರದ ಬೇರಿನ ಸಂದಿಯಲ್ಲಿ, ಬಿದ್ದ ದಿಮ್ಮಿಯ ಪಕ್ಕದಲ್ಲಿ, ಕಲ್ಲಿನ ಅಡಿಯಲ್ಲಿ. ಒಳಗೆ ಚಳಿಗೆ ಒಂದು ಉಂಡೆ ಹತ್ತಿ, ತಿನ್ನಲು ಕಡಲೆಕಾಯಿ ಮತ್ತು ಓಟ್ಸ್ ಕಲೆಸಿದ ಉಂಡೆ. ಗುರುತಿಗೆ ಮೇಲಿನ ಕೊಂಬೆಗೆ ಕೆಂಪು ಟೇಪು. ಅತ್ತೆ ಎಳ್ಳು-ಬೆಲ್ಲ ಹಾಕಲು ಹೋದರು. ಎಲ್ಲ ಡಬ್ಬಿಗೂ ಒಂದೇ ತಿಂಡಿ ಇರಬೇಕು ಎಂದು ಚೈತ್ರ ತಡೆದಳು.

"ಅಬ್ಬದ್ ವಾರ್ದಾಗೆ ಒಣಕಲು ಉಂಡೆ ಆಕ್ತಾವ್ಳಲ್ಲ" ಎಂದು ಅತ್ತೆ ಗೊಣಗಿದರು. ಆಮೇಲೆ ನಾನೂ ಚೈತ್ರಳೂ ಮಾತಾಡುತ್ತಿದ್ದರೆ ಬಾಯಿಗೆ ಬೆರಳಿಟ್ಟು, "ಶ್! ಬೋನು ಇಡೋ ವಿಸ್ಯ ಕೇಳುಸ್ಕಂಡ್ರೆ ಒಂದೂ ಬರಾಕಿಲ್ಲ" ಎಂದು ಪಿಸುಗುಟ್ಟಿದರು. ಅಲ್ಲಿಂದ ಮನೆ ಸೇರುವವರೆಗೆ ಬಸವಣ್ಣನೂ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಬೆಳಕು ಹರಿದ ಕೂಡಲೇ ಹೊರಟೆವು. ಮಂಜು, ಮೂಗು ಕಿತ್ತು ಬೀಳುವ ಚಳಿ. ಬಾಗಿಲು ಮುಚ್ಚಿದ ಮೊದಲ ಡಬ್ಬಿ ಕಂಡಾಗ ನಾನು ಚೈತ್ರಳಿಗಿಂತ ಮೊದಲೇ ಹೋಗಿ ಬಗ್ಗಿ ನೋಡಿದೆ. ಚೈತ್ರ ಡಬ್ಬಿಯ ಬಾಯಿಗೆ ಬಟ್ಟೆ ಚೀಲ ಹಿಡಿದು ಮೆಲ್ಲಗೆ ಅಲುಗಿಸಿದಳು. ಚೀಲದೊಳಗೆ ಏನೋ ಮೆತ್ತಗೆ ಬಿತ್ತು. ಸಣ್ಣ ತಕ್ಕಡಿಗೆ ಚೀಲ ತೂಗುಹಾಕಿ ತೂಕ ನೋಡಿ, ಕತ್ತಿನ ಹಿಂದಿನ ಚರ್ಮ ಹಿಡಿದು ಹೊರಗೆ ತೆಗೆದಳು.

ನಾನು ಅಂದುಕೊಂಡದ್ದು ನಮ್ಮ ಅಡುಗೆಮನೆಯ ಕಳ್ಳ ಇಲಿಯನ್ನು. ಇದು ಬೇರೆಯೇ. ಕೆಂಪುಗಂದು ಬೆನ್ನು, ಸುಣ್ಣ ಬಳಿದಷ್ಟು ಬೆಳ್ಳಗಿನ ಹೊಟ್ಟೆ, ಮುಖಕ್ಕಿಂತ ದೊಡ್ಡದೆನ್ನಿಸುವ ಕಪ್ಪು ಕಣ್ಣು. ಮೀಸೆ ನಡುಗುತ್ತಿತ್ತು. ಚೈತ್ರ ಅದರ ತೊಡೆಯ ಮೇಲೆ ಒಂದಿಷ್ಟು ಕೂದಲು ಕತ್ತರಿಸಿದಳು, ಒಳಗಿನ ಬೂದು ಬಣ್ಣ ಕಂಡಿತು. ಅದೇ ಗುರುತು. ಆಮೇಲೆ ಅದೇ ಬೇರಿನ ಬಳಿ ಬಿಟ್ಟಳು. ಕಣ್ಣು ಮಿಟುಕಿಸುವುದರೊಳಗೆ ಎಲೆಗಳಡಿ ಮಾಯ.

"ಇಲ್ಲೇ ಯಾಕ್ ಬುಟ್ಟೆ?" ಅತ್ತೆ ಕೇಳಿದರು.

"ಸಿಕ್ಕಿದ್ ಜಾಗದಲ್ಲೇ ಬಿಡ್ಬೇಕು ಅಜ್ಜಿ. ಅದರ ಮನೆ ಇಲ್ಲೇ ಎಲ್ಲೋ ಇರತ್ತೆ."

"ನಾಳಿಕೆ ಮತ್ತೆ ಡಬ್ಬಿಗೆ ಬೀಳ್ತದಲ್ಲ ಮಗಾ, ಪಾಪದ್ದು."

"ಬೀಳ್ಲಿ ಅಂತಾನೇ. ಆಗ ಗುರುತಿರೋವು ಎಷ್ಟು, ಇಲ್ದಿರೋವು ಎಷ್ಟು ಅಂತ ಲೆಕ್ಕ ಹಾಕಿದ್ರೆ ಕಾಡಲ್ಲಿ ಒಟ್ಟು ಎಷ್ಟಿವೆ ಅಂತ ಗೊತ್ತಾಗತ್ತೆ."

ಒಪ್ಪಿಗೆಯಾಗದಿದ್ದಾಗ ಅತ್ತೆ ಸೆರಗು ಜಗ್ಗಿಕೊಳ್ಳುತ್ತಾರೆ, ಜಗ್ಗಿಕೊಂಡರು. ನಾನು ಗಮನಿಸಿದೆ, ಆದರೆ ಏನು ಮಾಡಿಯಾರು ಎಂದು ಸುಮ್ಮನಾದೆ.

ಹಳ್ಳದ ಪಕ್ಕ ಒಂದು ದೊಡ್ಡ ಮರದ ಬೇರಿನಡಿಯ ಡಬ್ಬಿಯಲ್ಲಿ ಇನ್ನೊಂದು ಸಿಕ್ಕಿತ್ತು. ಚೈತ್ರ ಅದನ್ನು ತೂಗಿ, ಹೊಟ್ಟೆ ನೋಡಿ, ಗುರುತು ಮಾಡಿ, "ಹೆಣ್ಣು, ಲ್ಯಾಕ್ಟೇಟಿಂಗ್" ಎಂದಳು. ನಾನು ಬರೆದುಕೊಂಡೆ. ಆಗಲೇ ಬಸವಣ್ಣ ಮೇಲಿನಿಂದ ಕೂಗಿದರು. ಮಂಜು ಕರಗಿ ಮೇಲಿನ ಬಯಲಿಗೆ ಬಿಸಿಲು ಬಿದ್ದಿತ್ತು, ಅಲ್ಲಿ ಎರಡು ಡಬ್ಬಿ ಮುಚ್ಚಿದ್ದವು. ಬಿಸಿಲಿಗೆ ಡಬ್ಬಿ ಕಾದರೆ ಒಳಗಿನ ಜೀವ ಉಳಿಯುವುದಿಲ್ಲ. ಚೈತ್ರ ಗಡಿಬಿಡಿಯಲ್ಲಿ ಚೀಲವನ್ನು ಅತ್ತೆಯ ಕೈಗೆ ಕೊಟ್ಟಳು.

"ಅಜ್ಜಿ, ಈ ಬೇರಿನ ಹತ್ರಾನೇ ಚೀಲದ ಬಾಯಿ ಬಿಚ್ಚಿಬಿಡಿ. ತಾನೇ ಹೋಗತ್ತೆ. ಇಲ್ಲೇ, ಆಯ್ತಾ?"

"ಆಯ್ತು ಓಗು ಮಗಾ."

ನಾವು ಮೇಲೆ ಹೋಗಿ ಆ ಎರಡನ್ನೂ ನೋಡಿ ಬಿಟ್ಟು ಕೆಳಗಿಳಿದು ಬಂದರೆ ಅತ್ತೆ ಬೇರಿನ ಬಳಿ ಇರಲಿಲ್ಲ. ಗಾಬರಿಯಿಂದ ಕೂಗಿ ಕರೆದೆ. ಅಷ್ಟರಲ್ಲಿ ಹಳ್ಳದ ಮಧ್ಯದ ಕಲ್ಲುಗಳ ಮೇಲೆ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಖಾಲಿ ಚೀಲ ಹಿಡಿದು, ಮಂಡಿನೋವಿನ ನಮ್ಮ ಅತ್ತೆ ಹುಡುಗಿಯಂತೆ ದಾಟಿ ಬರುತ್ತಿದ್ದರು. ಮುಖದ ತುಂಬ ನಗು.

"ಆಚೆ ದಡ್ದಾಗೆ ಬುಟ್ ಬಂದೆ. ದೊಡ್ಡ ಮರ ಐತೆ, ಬುಡ್ದಾಗೆ ಅಣ್ಣು ಉದ್ರವೆ, ತಿನ್ಕಂಡಿರ್ಲಿ. ನೀರು ದಾಟುಸ್ಬುಟ್ಟಿವ್ನಿ, ಇನ್ನು ಈ ಡಬ್ಬಿ ಕಾಟ ಇಲ್ಲ ಅದ್ಕೆ."

ಚೈತ್ರ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಅಜ್ಜಿ, ಅದು ಮರಿಗಳಿಗೆ ಹಾಲು ಕುಡಿಸ್ತಿರೋ ತಾಯಿ. ಮರಿಗಳು ಈ ಕಡೆ ಇವೆ, ಈ ಬೇರಿನ ಒಳಗೇ ಇರ್ಬೇಕು" ಎಂದಳು.

ಅತ್ತೆಯ ನಗು ಹಾಗೇ ನಿಂತುಹೋಯಿತು. "ಏನಂದೆ? ಬಾಣಂತಿಯಾ?"

ಚೈತ್ರ ತಲೆಯಾಡಿಸಿದಳು.

"ಅಸಿ ಬಾಣಂತಿನ ಅಳ್ಳ ದಾಟುಸ್ಬುಟ್ನಾ ನಾನು?" ಎಂದವರೇ ತಿರುಗಿ ನೀರಿಗಿಳಿದರು. ನಾನು ಹಿಂದೆ ಓಡಿದೆ. ಆಚೆ ದಡದಲ್ಲಿ ಆ ದೊಡ್ಡ ಮರದ ಬುಡದ ಎಲೆಗಳನ್ನು ಕೈಯಿಂದ ಸರಿಸುತ್ತ, "ಬಾರವ್ವಾ, ಬಾ, ಮನೆಗ್ ಓಗನ ಬಾ" ಎಂದು ಕರೆಯುತ್ತಿದ್ದರು. ಬೀದಿಯ ಮಕ್ಕಳನ್ನು ಕರೆಯುವ ಅದೇ ದನಿ. ಚೈತ್ರ ಬಂದು ಕೈ ಹಿಡಿದು ನಿಲ್ಲಿಸಿದಳು. ಓಡಾಡಿದಷ್ಟೂ ಅದು ಹೆದರಿ ಅಡಗುತ್ತದೆ ಎಂದಳು.

"ಮರಿ ಎಷ್ಟೊತ್ತು ತಡೀತವೆ ಮಗಾ?"

"ತಾಯಿ ರಾತ್ರಿ ಯಾವಾಗ ಡಬ್ಬಿಗೆ ಬಿದ್ಳೋ ಗೊತ್ತಿಲ್ಲ ಅಜ್ಜಿ. ಕಣ್ಣು ಬಿಡದ ಮರಿಗಳಾದ್ರೆ ಸಂಜೆವರೆಗೆ ಇರಬಹುದು. ಇನ್ನೊಂದು ರಾತ್ರಿಯ ಚಳಿ ತಡಿಯಲ್ಲ."

ಏನು ಮಾಡುವುದು ಎಂದು ನಾನು ಕೇಳಿದೆ. ಆಚೆ ಡಬ್ಬಿ ಇಟ್ಟು ಮತ್ತೆ ಹಿಡಿದರೆ? ಹಗಲಲ್ಲಿ ಬೀಳುತ್ತದೆ ಎಂದು ಹೇಳಲಾಗದು, ಬಿದ್ದರೂ ಬೇರೆ ಇಲಿ ಬೀಳಬಹುದು ಎಂದಳು ಚೈತ್ರ. ತಾಯಿ ತಾನಾಗಿ ದಾರಿ ಹುಡುಕಿಕೊಂಡು ಬರಬೇಕು, ಇಲಿಗಳು ದೂರದಿಂದಲೂ ಮನೆ ಸೇರುತ್ತವೆ, ಆದರೆ ನಡುವೆ ನೀರಿದ್ದರೆ ಏನಾಗುತ್ತದೋ ತನಗೆ ತಿಳಿಯದು ಎಂದಳು. ಅವಳು ಮಾಡಿದ ಮೊದಲ ಕೆಲಸ ಈಚೆ ಇಳಿಜಾರಿನ ಅಷ್ಟೂ ಡಬ್ಬಿಗಳನ್ನು ಮಡಚಿ ತೆಗೆದದ್ದು. ಬರುವ ದಾರಿಯಲ್ಲಿ ಮತ್ತೆ ಡಬ್ಬಿಗೆ ಬಿದ್ದರೆ ಎಲ್ಲ ಮುಗಿದಂತೆ. ಅಂದರೆ ಆ ದಿನದ ಅವಳ ಕೆಲಸ ಅಲ್ಲಿಗೆ ನಿಂತಿತು. ಅದಕ್ಕಾಗಿ ಒಂದು ಮಾತೂ ಆಡಲಿಲ್ಲ ಆ ಹುಡುಗಿ.

ಅತ್ತೆ ಸುಮ್ಮನೆ ಕೂರುವವರಲ್ಲ. ಹಳ್ಳ ಕಿರಿದಾಗುವ ಕಡೆ ಒಂದು ಒಣ ಬಿದಿರು ಹಾಕಬೇಕೆಂದರು. ಬಸವಣ್ಣನಿಗೆ ನಗು ತಡೆಯಲಿಲ್ಲ.

"ಇಲಿ ಸೇತುವೆ ನೋಡ್ಕಂಡು ಬತ್ತದಾ ಅವ್ವ?"

"ನೀನ್ ಆಕಪ್ಪ. ಬರೋದು ಬುಡೋದು ಅದ್ರ ಇಷ್ಟ."

ನಾನೂ ಬಸವಣ್ಣನೂ ಬಿದಿರು ಎಳೆದು ತಂದು ಅಡ್ಡ ಹಾಕಿದೆವು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಎಡಕ್ಕೆ, ಬಲಕ್ಕೆ ಎಂದು ನಿರ್ದೇಶನ ಕೊಟ್ಟರು. ಆಮೇಲೆ ತೋಟದ ಮನೆಯಿಂದ ರಾಗಿಹಿಟ್ಟಿನ ಚೀಲ ತರಿಸಿದರು. ಬೇರಿನಡಿ ಒಂದು ಪುಟ್ಟ ಬಿಲ ಇತ್ತು. ಅದರ ಮುಂದೆ ಸೆರಗಿನ ತುದಿಯಲ್ಲಿ ಹಿಟ್ಟು ಕಟ್ಟಿ, ಜರಡಿ ಹಿಡಿದಂತೆ ಮೆಲ್ಲಗೆ ಉದುರಿಸಿದರು. ಯಾರಾದರೂ ಒಳಗೆ ಹೋದರೆ ಹೆಜ್ಜೆ ಮೂಡಬೇಕು, ಹೋದವರು ಹೆದರಲೂಬಾರದು. ಚೈತ್ರ ಅದನ್ನು ನೋಡಿ ಮೊದಲ ಸಲ ಸ್ವಲ್ಪ ನಕ್ಕಳು. "ಇದು ಸರಿಯಾಗಿದೆ ಅಜ್ಜಿ" ಎಂದಳು.

ಅಲ್ಲಿಂದ ದೂರ, ಒಂದು ಬಂಡೆಯ ಮೇಲೆ ಕಂಬಳಿ ಹಾಸಿ ಕೂತೆವು. ಚೈತ್ರ ದುರ್ಬೀನು ಹಿಡಿದು ಬಿಲದ ಕಡೆಯೇ ನೋಡುತ್ತಿದ್ದಳು. ಬಸವಣ್ಣ ಬೆನ್ನಿಗೆ ಕಾವಲು ನಿಂತಿದ್ದರು. ನನ್ನ ಕೆಲಸ ಅತ್ತೆಗೆ ತಿನ್ನಿಸುವುದು. ಮಾತ್ರೆ ನುಂಗಿದ್ದರು, ತಿನ್ನದಿದ್ದರೆ ತಲೆ ಸುತ್ತಿ ಬೀಳುತ್ತಾರೆ. ಒಲ್ಲೆ ಎಂದರು. ಗದರಿದೆ. ಅವರ ಮಗನಿಗೆ ಫೋನ್ ಮಾಡುತ್ತೇನೆ ಎಂದೆ. ಕೊನೆಗೆ ಎರಡು ಬಾಳೆಹಣ್ಣು ತಿಂದರು. ಮಧ್ಯಾಹ್ನ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದಾಗಿ ಚೈತ್ರ ಮೊದಲೇ ಹೇಳಿದ್ದಳು, ಈಗ ಹೋಗೋಣವೇ ಎಂದು ಕೇಳಿದಳು.

"ಯಾವ್ ಮಕ ಇಟ್ಕಂಡ್ ಓಗ್ಲಿ ಮಗಾ. ಇವತ್ತು ಬ್ಯಾಡ."

ಆಮೇಲೆ ಅವರೇ ಮಾತು ತೆಗೆದರು. ನನ್ನ ಕಡೆ ನೋಡಲಿಲ್ಲ, ಹಳ್ಳದ ಕಡೆ ನೋಡುತ್ತಿದ್ದರು. "ನಲವತ್ತೊರ್ಷ ಕಣಮ್ಮಿ, ಕೆರೆ ಆಚೆ ಬುಟ್ಕಂಡೇ ಬಂದಿವ್ನಿ. ಪುಣ್ಯ ಅಂದ್ಕಂಡಿದ್ದೆ. ಅವುಗಳಾಗೆ ಎಷ್ಟು ಬಾಣಂತೇರು ಇದ್ರೋ."

ನನ್ನ ಬಾಣಂತನ ನೆನಪಾಯಿತು. ಮದುವೆಗೆ ಮುಂಚೆಯೇ ನನ್ನ ತಾಯಿ ತೀರಿಕೊಂಡಿದ್ದರು. ಹಾಗಾಗಿ ತವರಿನಲ್ಲಿ ಆಗಬೇಕಿದ್ದ ಮೊದಲ ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು. ಮಗಳು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ, ಹೊಸಕೋಟೆಯಲ್ಲಿ ಅಣ್ಣನ ಮನೆಯ ಗೃಹಪ್ರವೇಶ. ಹೋಗುತ್ತೇನೆ ಎಂದು ಹಟ ಹಿಡಿದೆ. ಅತ್ತೆ ಬಾಗಿಲಿಗೆ ಅಡ್ಡ ಕೂತರು. ಹಸಿ ಮೈ, ಹಸುಗೂಸು, ಆಚೆ ಕಾಲಿಡಬೇಡ ಎಂದರೆ ಇಡಬೇಡ ಎಂದರು. ಅಮ್ಮ ಇದ್ದಿದ್ದರೆ ಹೀಗೆ ಜೈಲಿನಲ್ಲಿಟ್ಟ ಹಾಗೆ ಇಡುತ್ತಿದ್ದಳೇ ಎಂದು ಗೋಡೆಗೆ ಮುಖ ಮಾಡಿ ಅತ್ತಿದ್ದೆ. ಆ ಸಿಟ್ಟು ಎಷ್ಟೋ ವರ್ಷ ಒಳಗೇ ಇತ್ತು, ಜಗಳವಾದಾಗಲೆಲ್ಲ ಹೊರಗೆ ಬರುತ್ತಿತ್ತು. ಒಂದು ಹಿಡಿಯಷ್ಟೂ ಇಲ್ಲದ ಇಲಿಗಾಗಿ ಮುಖ ಬಾಡಿಸಿಕೊಂಡು ಕೂತಿದ್ದ ಅವರನ್ನು ಆ ಬಂಡೆಯ ಮೇಲೆ ನೋಡಿದಾಗ ಅದು ಇಳಿದುಹೋಯಿತು. ಅವರು ಅಂದು ಕಾದದ್ದು ನನ್ನನ್ನೇ ಎಂದು ಗೊತ್ತಾಯಿತು. ಕಂಬಳಿಯ ತುದಿ ಎಳೆದು ಅವರ ಕಾಲಿಗೆ ಹೊದಿಸಿದೆ. ಅವರಿಗೆ ಕಾರಣ ತಿಳಿಯಲಿಲ್ಲ, "ನಿಂಗೇ ಚಳಿ ಆಯ್ತದೆ, ನೀನ್ ಒದ್ಕ" ಎಂದು ವಾಪಸ್ ತಳ್ಳಿದರು.

ಮಧ್ಯಾಹ್ನ ಕಳೆಯಿತು. ಮೋಡ ಕವಿದು ಕಾಡು ಮಬ್ಬಾಯಿತು. ಬಿಲದ ಮುಂದಿನ ರಾಗಿಹಿಟ್ಟು ಹಾಗೇ ನುಣ್ಣಗೆ ಇತ್ತು. ಗಾಳಿಗೆ ಒಂದು ಎಲೆ ಅಲುಗಿದರೂ ಅತ್ತೆ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಬಸವಣ್ಣ ಎರಡು ಸಲ ಬಂದು, "ಆನೆ ನೀರಿಗೆ ಇಳಿಯೋ ಒತ್ತಾಯ್ತದೆ, ಒಲ್ಡುಮ ಕಣ್ರವ್ವ" ಎಂದರು. ಇನ್ನೊಂದು ಗಳಿಗೆ ಎಂದು ಅತ್ತೆ ಬೇಡಿಕೊಂಡರು. ಯಾರ ಮುಂದೆಯೂ ತಲೆ ಬಾಗಿಸದ ಹೆಂಗಸು, ಎರಡು ಕೈ ಜೋಡಿಸಿ ಕೇಳಿದರು.

ಫ್ಲಾಸ್ಕಿನಲ್ಲಿ ತಂದಿದ್ದ ಟೀ ಕುಡಿದು ಮುಗಿಸಿದೆವು. ಮತ್ತೆ ದುರ್ಬೀನು ಕಣ್ಣಿಗೆ ಹಿಡಿದ ಚೈತ್ರ ಅದನ್ನು ಇಳಿಸದೆ ಇನ್ನೊಂದು ಕೈಯಲ್ಲಿ ನಮಗೆ ಸುಮ್ಮನಿರಲು ಸನ್ನೆ ಮಾಡಿದಳು.

"ಹಿಟ್ಟಿನ ಮೇಲೆ ಹೆಜ್ಜೆ ಇದೆ" ಎಂದು ಪಿಸುಗುಟ್ಟಿದಳು. "ಒಳಗೆ ಹೋಗಿರೋ ಹೆಜ್ಜೆ. ನಾವು ಟೀ ಕುಡೀತಿದ್ದಾಗ ಹೋಗಿರ್ಬೇಕು."

"ಅವ್ಳೇನಾ?"

"ಗೊತ್ತಿಲ್ಲ ಅಜ್ಜಿ. ಬೇರೆ ಇಲಿನೂ ಆಗಿರ್ಬಹುದು."

ಬಿಲದ ಬಾಯಲ್ಲಿ ಮೊದಲು ಮೀಸೆ ಕಂಡಿತು, ಆಮೇಲೆ ಮೂಗು. ಹೊರಗೆ ಬಂದು ನಿಂತಿತು. ದುರ್ಬೀನಿಲ್ಲದೆಯೂ ಕಾಣುತ್ತಿತ್ತು, ಬಾಯಲ್ಲಿ ಏನೋ ಗುಲಾಬಿ ಬಣ್ಣದ್ದು. ಅದು ಪಕ್ಕಕ್ಕೆ ತಿರುಗಿದಾಗ ತೊಡೆಯ ಮೇಲೆ ಬೆಳಿಗ್ಗೆ ಕತ್ತರಿಸಿದ ಕೂದಲಿನ ಬೂದು ಮಚ್ಚೆ ಕಂಡು ಚೈತ್ರ ಕಣ್ಣಲ್ಲಿ ನೀರು ತುಂಬಿಕೊಂಡು, "ಅವಳೇ, ಅವಳೇ, ಮರಿ ಕಚ್ಕೊಂಡಿದಾಳೆ" ಎಂದಳು. ದುರ್ಬೀನನ್ನು ಅತ್ತೆಯ ಕಣ್ಣಿಗೆ ಹಿಡಿದಳು.

ತಾಯಿ ಮರಿಯನ್ನು ಕಚ್ಚಿಕೊಂಡು ಇಳಿಜಾರು ಹತ್ತಿ ಮೇಲಿನ ಒಂದು ಬಂಡೆಯ ಸಂದಿಗೆ ನುಸುಳಿತು. ಖಾಲಿ ಬಾಯಲ್ಲಿ ಓಡಿ ಬಂತು, ಇನ್ನೊಂದನ್ನು ತೆಗೆದುಕೊಂಡು ಹೋಯಿತು. ಗೂಡಿನ ಹತ್ತಿರ ಗಲಾಟೆಯಾದರೆ ಹೀಗೆ ಜಾಗ ಬದಲಾಯಿಸುತ್ತವಂತೆ. ಚೈತ್ರ ಹೇಳಿದಾಗ ಅತ್ತೆ ಕಣ್ಣೊರೆಸಿಕೊಂಡು ಹಳ್ಳ ದಾಟಿ ಬಂದ ಮೇಲೆ ಮೊದಲ ಸಲ ನಕ್ಕರು.

"ನಮ್ಮ ಸಾವಾಸ್ವೇ ಬ್ಯಾಡ ಅಂತ ಮನೆ ಖಾಲಿ ಮಾಡ್ತಾವ್ಳೆ ಕಣಮ್ಮಿ! ಅಡ್ವಾನ್ಸೂ ಕೇಳ್ನಿಲ್ಲ!"

ನಾವು ಮೂವರೂ ಬಾಯಿಗೆ ಸೆರಗು, ದುಪಟ್ಟಾ ತುರುಕಿಕೊಂಡು ನಕ್ಕೆವು. ಬಸವಣ್ಣ ತಲೆ ಚಚ್ಚಿಕೊಂಡರು.

ಹಳ್ಳ ಹೇಗೆ ದಾಟಿತು ಎಂದು ನಾವು ಯಾರೂ ನೋಡಲಿಲ್ಲ. ಮೇಲುಗಡೆ ಎರಡೂ ದಡದ ಕೊಂಬೆಗಳು ಕೂಡಿಕೊಂಡಿದ್ದವು, ಅದರ ಮೇಲೆ ಬಂದಿರಬೇಕು ಎಂದು ಚೈತ್ರ. ತಾನು ಹಾಕಿಸಿದ ಬಿದಿರಿನ ಮೇಲೇ ಬಂದದ್ದು ಎಂದು ಅತ್ತೆ. ಮರುದಿನ ಹೊಸ ಗೂಡಿನ ಸುತ್ತಮುತ್ತ ಬಿಟ್ಟು ದೂರದಲ್ಲಿ ಡಬ್ಬಿ ಇಟ್ಟೆವು, ರಂಗಪ್ಪನ ದರ್ಶನವೂ ಆಯಿತು. ಅಲ್ಲಿ ಅತ್ತೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು, ಏನು ಕೇಳಿಕೊಂಡರೋ ನಾನು ಕೇಳಲಿಲ್ಲ. ಊರಿಗೆ ಬಂದ ಮೇಲೆ ಇಲಿ ಎಂದರೆ ಹುಲಿ ಎನ್ನುವಂತೆ ಅವರ ಬಾಯಲ್ಲಿ ಹಳ್ಳ ಹೊಳೆಯಾಯಿತು, ಬಿದಿರು ದೊಡ್ಡ ಸೇತುವೆಯಾಯಿತು. ನಾನು ತಿದ್ದಲು ಹೋಗಲಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಸಂಜೆ ಬಂಡೆಯಿಂದ ಎದ್ದು ಹೊರಡುವಾಗ ನಡೆದದ್ದು. ನಮ್ಮಲ್ಲಿ ಯಾರನ್ನೂ 'ಹೋಗು' ಎಂದು ಕಳಿಸುವುದಿಲ್ಲ, 'ಹೋಗಿ ಬಾ' ಎನ್ನಬೇಕು. ಅತ್ತೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಾಡಿಗೆ ಸರಿಯಾಗಿ ಕೊಡದೆ ಸತಾಯಿಸಿ ಮನೆ ಬಿಟ್ಟವರಿಗೂ, ಆಸ್ಪತ್ರೆಗೆ ಹೊರಟವರಿಗೂ, ಗಂಡನ ಮನೆಗೆ ಹೊರಟ ಮೊಮ್ಮಕ್ಕಳಿಗೂ ಗೇಟಿನ ತನಕ ಬಂದು 'ಓಗ್ ಬಾ' ಎಂದೇ ಹೇಳುವವರು. ನಾನೊಮ್ಮೆ ಬಾಯಿ ತಪ್ಪಿ 'ಹೋಗಿ' ಎಂದದ್ದಕ್ಕೆ ಒಂದು ಗಂಟೆ ಬೈದಿದ್ದರು.

ತಾಯಿ ಕೊನೆಯ ಮರಿಯನ್ನು ಕಚ್ಚಿಕೊಂಡು ಹೊರಟಿತ್ತು. ಬಂಡೆಯ ಸಂದಿಗೆ ನುಗ್ಗುವ ಮುಂಚೆ ಒಂದು ಕ್ಷಣ ನಿಂತಿತು, ನಮ್ಮ ಕಡೆ ನೋಡಿತೆಂದು ನಾನು ಹೇಳಲಾರೆ, ಸುಮ್ಮನೆ ನಿಂತಿತು. ಅತ್ತೆ ಕೈ ಜೋಡಿಸಿದರು.

"ಓಗವ್ವಾ ತಾಯಿ," ಎಂದರು. "ಇನ್ ಮ್ಯಾಕೆ ನಮ್ಮಂತೋರ್ ಕೈಗೆ ಬರ್ಬ್ಯಾಡ."

ಇಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಬರಬೇಡ ಎಂದದ್ದನ್ನು ನಾನು ಇದುವರೆಗೆ ಕೇಳಿಲ್ಲ.